ಓದುಗರ ಪ್ರಶ್ನೆ: ಚೀಟಿಯಲ್ಲಿ ಬರೆದದ್ದು, ಅಂಗಳದಲ್ಲಿ ಇಳಿದದ್ದು

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಐದೂ ಒಂದೇ ವಿಷಯದ ಸುತ್ತ ಇವೆ: ಒಂದು ಜಾಲಪುಟ ಯಾವ ಯಾವ ಸ್ಟೈಲ್‌ಶೀಟ್‌ಗಳನ್ನು (ಪುಟದ ಬಣ್ಣ, ಅಂಚು, ಅಕ್ಷರಗಳ ರೂಪ ಹೇಳುವ ಸಿಎಸ್‌ಎಸ್ ಕಡತಗಳನ್ನು) ತರಿಸಿಕೊಳ್ಳುತ್ತದೆ, ಅದನ್ನು ಸರ್ವರಿನಲ್ಲಿ ಓಡುವ ಭಾಷೆಯಾದ ಪಿಎಚ್‌ಪಿಯಿಂದ ಪತ್ತೆ ಮಾಡುವುದು ಹೇಗೆ. ಫಂಕ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಅಡಿಗೆರೆ ಇರುವ ಕಡೆ ನಾನೂ ಅಡಿಗೆರೆ ಹಾಕಿದ್ದೇನೆ. ಟೈಪಿಸುವಾಗ ಅದನ್ನು ಬಿಡಬೇಡಿ.

ಪ್ರಶ್ನೆ: ಮೇಡಂ, ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಮೊಬೈಲಿನಲ್ಲಿ ಮುಖಪುಟ ತೆರೆಯಲು ತುಂಬ ಹೊತ್ತು ಹಿಡಿಯುತ್ತದೆ ಎಂದು ಮಾಲೀಕರು ಹೇಳುತ್ತಾರೆ. ಸ್ಟೈಲ್‌ಶೀಟ್‌ಗಳು ಜಾಸ್ತಿ ಇರಬಹುದೆಂದು ಅನುಮಾನಿಸಿ, ಪಿಎಚ್‌ಪಿಯಲ್ಲಿ ಪುಟವನ್ನು ತರಿಸಿ, ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಬರೆದು ಹುಡುಕಿದೆ. 11 ಸಿಕ್ಕವು. ಬ್ರೌಸರಿನ ನೆಟ್‌ವರ್ಕ್ ಪಟ್ಟಿಯಲ್ಲಿ ಮಾತ್ರ 9 ಕಾಣುತ್ತವೆ. ಯಾವ ಲೆಕ್ಕ ಸರಿ? ಪುಟದ ಪ್ರತಿ ಲಗತ್ತಿಸಿದ್ದೇನೆ.
(ಓದುಗರು, ಚಿತ್ರದುರ್ಗ)

ಉತ್ತರ: ನೀವು ಕಳಿಸಿದ ಪುಟವನ್ನು ಮುದ್ರಿಸಿಕೊಂಡು, ಪೆನ್ಸಿಲ್ ಹಿಡಿದು ಸಾಲುಸಾಲಾಗಿ ನೋಡಿದೆ. ಎಣಿಕೆಯಲ್ಲಿ ಎಲ್ಲೂ ತಪ್ಪಿಲ್ಲ. ನೀವು ಒಂದನ್ನು ಎಣಿಸಿದ್ದೀರಿ, ಬ್ರೌಸರ್ ಇನ್ನೊಂದನ್ನು ಎಣಿಸಿದೆ.

ನನ್ನ ತಂದೆ ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಮೆಕ್ಕೆಜೋಳದ ಸುಗ್ಗಿಯಲ್ಲಿ ಶಾಲೆ ಬಿಟ್ಟೊಡನೆ ನಾನು ಅಲ್ಲಿಗೇ ಹೋಗಿ ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಗಾಡಿ ಬಂದು ನಿಂತಾಗ ಚಾಲಕ ಮೊದಲು ಕೊಡುವುದು ಒಂದು ಚೀಟಿ: ಇಂಥ ಊರಿನದು, ಇಂಥವರದು, ಇಷ್ಟು ಚೀಲ. ತಂದೆ ಆ ಚೀಟಿಯನ್ನು ಮೇಜಿನ ಮೇಲಿದ್ದ ಮೊಳೆಗೆ ಚುಚ್ಚಿಡುತ್ತಿದ್ದರು, ಖಾತೆಗೆ ಏರಿಸುತ್ತಿರಲಿಲ್ಲ. ಹಮಾಲರು ಒಂದೊಂದೇ ಚೀಲ ಇಳಿಸಿದಂತೆ ಕಾಗದದ ಮೇಲೆ ಒಂದೊಂದು ಗೆರೆ ಎಳೆದು, ಐದನೆಯದಕ್ಕೆ ಅಡ್ಡಗೆರೆ ಹಾಕಿ, ಕೊನೆಗೆ ಒಟ್ಟು ಮಾಡಿದ ಮೇಲೆಯೇ ಲೆಡ್ಜರಿನಲ್ಲಿ ಅಂಕಿ ಬೀಳುತ್ತಿತ್ತು. ಚೀಟಿಯಲ್ಲಿ 62 ಎಂದಿದ್ದು ಅಂಗಳದಲ್ಲಿ 60 ಇಳಿದ ದಿನಗಳಿದ್ದವು. ಹಾಗೆಂದು ಚಾಲಕ ಸುಳ್ಳ ಎಂದು ಅವರು ಎಂದೂ ಹೇಳಲಿಲ್ಲ. ಎರಡು ಚೀಲ ಎಲ್ಲಿ ಉಳಿದವು ಎಂದು ಕೇಳಿ, ಉತ್ತರವನ್ನೂ ಬರೆದಿಡುತ್ತಿದ್ದರು.

ಪುಟದ ಮೂಲ ಪಠ್ಯವಾದ ಎಚ್‌ಟಿಎಂಎಲ್‌ನಲ್ಲಿ, ಇಂಥ ಕಡತ ಬೇಕು ಎಂದು ಹೇಳುವ ಲಿಂಕ್ ಟ್ಯಾಗ್ ಅಂಥ ಚೀಟಿ. ಪಿಎಚ್‌ಪಿ ಓದುವುದು ಚೀಟಿಯನ್ನು. ಚೀಲ ಇಳಿಸುವುದು ಬ್ರೌಸರ್. ನಿಮ್ಮ 11 ಮತ್ತು 9ರ ನಡುವೆ ಏನೇನಾಗಿದೆ ಎಂದು ಈಗ ನೋಡೋಣ.

ನಿಮ್ಮ ಎಕ್ಸ್‌ಪ್ರೆಶನ್ ಹುಡುಕಿದ್ದು ಲಿಂಕ್ ಎಂದು ಶುರುವಾಗಿ, ಡಾಟ್ ಸಿಎಸ್‌ಎಸ್ ಎಂದು ಮುಗಿಯುವ ವಿಳಾಸವಿರುವ ಟ್ಯಾಗ್‌ಗಳನ್ನು. ಆ ಹನ್ನೊಂದರಲ್ಲಿ ಎರಡು ಕಾಮೆಂಟಿನ ಒಳಗಿವೆ. ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಹಳೆಯ ಆವೃತ್ತಿಗಳಿಗೆಂದು ಯಾರೋ ಎಂದೋ ಬರೆದ ಷರತ್ತಿನ ಕಾಮೆಂಟ್ ಅದು. ಆ ಬ್ರೌಸರಿನ 10ನೇ ಆವೃತ್ತಿಯೇ ಇಂಥ ಕಾಮೆಂಟ್‌ಗಳನ್ನು ಓದುವುದನ್ನು ಕೈಬಿಟ್ಟಿತು. 2022ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಆ ಬ್ರೌಸರನ್ನೇ ನಿಲ್ಲಿಸಿತು. ಇಂದಿನ ಯಾವ ಮೊಬೈಲಿಗೂ ಆ ಎರಡು ಸಾಲು ಬರಿಯ ಟಿಪ್ಪಣಿ. ಮೂರನೆಯದು ನೋಸ್ಕ್ರಿಪ್ಟ್ ಟ್ಯಾಗಿನ ಒಳಗಿದೆ, ಅಂದರೆ ಜಾವಾಸ್ಕ್ರಿಪ್ಟ್ ನಿಲ್ಲಿಸಿದವರಿಗೆ ಮಾತ್ರ. ನಾಲ್ಕನೆಯದರಲ್ಲಿ ರೆಲ್ ಎಂಬ ಅಟ್ರಿಬ್ಯೂಟಿಗೆ (ಟ್ಯಾಗಿನೊಳಗಿನ ಗುಣಸೂಚಕಕ್ಕೆ) ಪ್ರೀಲೋಡ್, ಅಂದರೆ ಮುಂಚೆಯೇ ತರಿಸಿಡು, ಎಂಬ ಬೆಲೆ ಇದೆ. ಎರಡು ಸಾಲು ಕೆಳಗೆ ಅದೇ ಕಡತ ಸ್ಟೈಲ್‌ಶೀಟ್ ಆಗಿ ಮತ್ತೆ ಬರುತ್ತದೆ. ಒಂದೇ ಚೀಲಕ್ಕೆ ಎರಡು ಚೀಟಿ. ಈ ನಾಲ್ಕನ್ನು ಕಳೆದರೆ 7 ಉಳಿಯಿತು.

ಹಾಗಾದರೆ ಬ್ರೌಸರಿನ 9 ಎಲ್ಲಿಂದ ಬಂತು? ನಿಮ್ಮ ಪುಟ ನೋಟೋ ಸಾನ್ಸ್ ಕನ್ನಡ ಅಕ್ಷರಶೈಲಿಯನ್ನು ಗೂಗಲ್ ಫಾಂಟ್ಸ್‌ನಿಂದ ತರಿಸುತ್ತದೆ. ಅದಕ್ಕೂ ಒಂದು ಲಿಂಕ್ ಟ್ಯಾಗ್ ಇದೆ, ಅದೂ ಸ್ಟೈಲ್‌ಶೀಟೇ. ಆದರೆ ಅದರ ವಿಳಾಸ ಪ್ರಶ್ನಾರ್ಥಕ ಚಿಹ್ನೆ, ಫ್ಯಾಮಿಲಿ ಎಂದೆಲ್ಲ ಮುಂದುವರಿಯುತ್ತದೆ. ಡಾಟ್ ಸಿಎಸ್‌ಎಸ್ ಎಂದು ಮುಗಿಯುವುದಿಲ್ಲ. ನಿಮ್ಮ ಜರಡಿಯಿಂದ ಅದು ಜಾರಿಹೋಯಿತು. ಇನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ. ಮುಖ್ಯ ಸ್ಟೈಲ್‌ಶೀಟಿನ ಮೊದಲ ಸಾಲಿನಲ್ಲಿ ಇಂಪೋರ್ಟ್ ಎಂಬ ಆಜ್ಞೆ ಕುಳಿತಿದೆ. ಅದು ಮತ್ತೊಂದು ಕಡತವನ್ನು ಕರೆಯುತ್ತದೆ. ಏಳಕ್ಕೆ ಎರಡು ಸೇರಿ ಒಂಬತ್ತು.

ನಿಮ್ಮ ಮಾಲೀಕರು ಹೇಳುವ ವಿಳಂಬಕ್ಕೆ ಮೊದಲು ನೋಡಬೇಕಾದದ್ದು ಈ ಕಣ್ಣಿಗೆ ಬೀಳದ ಒಂಬತ್ತನೆಯದನ್ನೇ. ಪುಟದ ತಲೆಯಲ್ಲಿರುವ ಸ್ಟೈಲ್‌ಶೀಟ್‌ಗಳು ಬರುವವರೆಗೆ ಬ್ರೌಸರ್ ಪರದೆಯ ಮೇಲೆ ಏನನ್ನೂ ಬಿಡಿಸುವುದಿಲ್ಲ. ಟ್ಯಾಗ್‌ನಲ್ಲಿರುವ ಏಳೆಂಟು ಕಡತಗಳನ್ನು ಅದು ಒಟ್ಟಿಗೇ ತರಿಸಲು ಹೊರಡುತ್ತದೆ. ಇಂಪೋರ್ಟ್ ಹಾಗಲ್ಲ. ಮೊದಲ ಕಡತ ಪೂರ್ತಿ ಬಂದು, ಬಿಚ್ಚಿ ಓದಿದ ಮೇಲೆಯೇ ಇನ್ನೊಂದು ಬೇಕೆಂದು ಬ್ರೌಸರಿಗೆ ತಿಳಿಯುವುದು. ಚೀಲ ಇಳಿಸಿ ಹೊಲಿಗೆ ಬಿಚ್ಚಿದಾಗ ಒಳಗೆ ಇನ್ನೊಂದು ಚೀಟಿ ಸಿಕ್ಕಂತೆ. ಆ ಗಾಡಿ ಈಗ ಊರು ಬಿಡಬೇಕು. ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲಿ ಮೊಬೈಲ್ ಹಿಡಿದು ನಿಂತ ಶೇಂಗಾ ಬೆಳೆಗಾರನಿಗೆ ಆ ಒಂದು ಸುತ್ತು ಬಹಳ ದೊಡ್ಡದು. ಇಂಪೋರ್ಟ್ ಸಾಲನ್ನು ತೆಗೆದು ಆ ಕಡತದ ನಿಯಮಗಳನ್ನು ಮುಖ್ಯ ಕಡತದಲ್ಲೇ ಸೇರಿಸಿ. ಇಷ್ಟನ್ನು ಇಂದೇ ಮಾಡಿ.

ಇನ್ನು ಪತ್ತೆ ಮಾಡುವ ಸರಿಯಾದ ದಾರಿ. ಪುಟವನ್ನು ಕರ್ಲ್ ಎಂಬ, ಜಾಲದಿಂದ ಕಡತ ತರುವ ಸಾಧನದಿಂದ ತರಿಸಿ. ತರಿಸಿದ ಮೇಲೆ, ಪುಟ ಅಂತಿಮವಾಗಿ ಯಾವ ವಿಳಾಸದಿಂದ ಬಂತು ಎಂಬುದನ್ನು ಕರ್ಲ್_ಗೆಟ್‌ಇನ್ಫೋದಿಂದ ಕೇಳಿ ಇಟ್ಟುಕೊಳ್ಳಿ. ನೀವು ಕೇಳಿದ ವಿಳಾಸ ಬೇರೆಡೆಗೆ ಕಳಿಸಿರಬಹುದು; ಮುಂದಿನ ಲೆಕ್ಕವೆಲ್ಲ ಈ ಅಂತಿಮ ವಿಳಾಸದ ಮೇಲೆ ನಿಲ್ಲುತ್ತದೆ. ಬಂದ ಪಠ್ಯವನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ನಿಗೆ ಕೊಡದೆ, ಟ್ಯಾಗ್‌ಗಳನ್ನು ಬಿಡಿಸಿ ಓದುವ ಡಾಮ್‌ಡಾಕ್ಯುಮೆಂಟ್‌ನ ಲೋಡ್‌ಎಚ್‌ಟಿಎಂಎಲ್‌ಗೆ ಕೊಡಿ. ಅದಕ್ಕೂ ಮುಂಚೆ ಲಿಬ್‌ಎಕ್ಸ್‌ಎಂಎಲ್_ಯೂಸ್_ಇಂಟರ್ನಲ್_ಎರರ್ಸ್ ಎಂಬುದನ್ನು ಟ್ರೂ ಮಾಡಿ. ಇಲ್ಲದಿದ್ದರೆ ಪುಟದ ಸಣ್ಣಪುಟ್ಟ ದೋಷಗಳ ಎಚ್ಚರಿಕೆಗಳೇ ಪರದೆ ತುಂಬುತ್ತವೆ. ಹೀಗೆ ಓದಿದಾಗ ಕಾಮೆಂಟಿನೊಳಗಿನ ಟ್ಯಾಗ್‌ಗಳು ಕಾಮೆಂಟಾಗಿಯೇ ಉಳಿಯುತ್ತವೆ, ನಿಮ್ಮ ಪಟ್ಟಿಗೆ ಬರುವುದಿಲ್ಲ. ನೋಸ್ಕ್ರಿಪ್ಟ್ ಒಳಗಿನವು ಮಾತ್ರ ಬರುತ್ತವೆ. ಅವನ್ನು, ಟ್ಯಾಗ್‌ಗಳನ್ನು ಆರಿಸಿ ಕೇಳುವ ಭಾಷೆಯಾದ ಎಕ್ಸ್‌ಪಾತ್‌ನಲ್ಲಿ, ನೋಸ್ಕ್ರಿಪ್ಟ್ ಪೂರ್ವಜರಿಲ್ಲದ ಲಿಂಕ್‌ಗಳನ್ನು ಮಾತ್ರ ಕೊಡು ಎಂದು ಕೇಳಿ ಬೇರ್ಪಡಿಸಬಹುದು.

ಸಿಕ್ಕ ಪ್ರತಿ ಲಿಂಕಿನ ರೆಲ್ ಬೆಲೆಯನ್ನು ಸ್ಟೈಲ್‌ಶೀಟ್ ಎಂಬ ಪದಕ್ಕೆ ನೇರವಾಗಿ ಹೋಲಿಸಬೇಡಿ. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ. ರೆಲ್ ಎಂಬುದು ಪದಗಳ ಪಟ್ಟಿ. ಖಾಲಿ ಜಾಗದಿಂದ ಬೇರ್ಪಟ್ಟ ಒಂದಕ್ಕಿಂತ ಹೆಚ್ಚು ಪದಗಳಿರಬಹುದು, ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೂ ಇಲ್ಲ. ಅದನ್ನು ಚಿಕ್ಕಕ್ಷರಕ್ಕೆ ಇಳಿಸಿ, ಖಾಲಿ ಜಾಗದಲ್ಲಿ ಒಡೆದು, ಆ ಪದಗಳಲ್ಲಿ ಸ್ಟೈಲ್‌ಶೀಟ್ ಇದೆಯೇ ನೋಡಿ. ಜೊತೆಗೆ ಆಲ್ಟರ್ನೇಟ್ ಎಂಬ ಪದವೂ ಇದ್ದರೆ ಅದು ಬದಲಿ ಶೈಲಿ: ಬ್ರೌಸರ್ ತರಿಸಿಕೊಳ್ಳುತ್ತದೆ, ಆದರೆ ಬಳಕೆದಾರರು ಆರಿಸುವವರೆಗೆ ಅನ್ವಯಿಸುವುದಿಲ್ಲ. ಮುದ್ರಣಕ್ಕೆಂದು ಮೀಡಿಯಾ ಬೆಲೆ ಹಾಕಿದ ಕಡತದ್ದೂ ಇದೇ ಕಥೆ. ಪರದೆಗೆ ಅದು ಬೇಡ, ಆದರೂ ಬ್ರೌಸರ್ ಅದನ್ನು ಕೊನೆಯ ಸರದಿಯಲ್ಲಿ ಇಳಿಸಿಕೊಳ್ಳುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಮೀಡಿಯಾಕ್ಕೂ ಒಂದು ಅಂಕಣ ಇಡಿ.

ಕಡತ ಎಲ್ಲಿದೆ ಎಂದು ಹೇಳುವ ಎಚ್‌ರೆಫ್‌ನಲ್ಲಿರುವ ವಿಳಾಸಗಳನ್ನು ಪೂರ್ಣ ವಿಳಾಸವಾಗಿಸುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಒಂದು ಓರೆಗೆರೆಯಿಂದ ಶುರುವಾದರೆ ತಾಣದ ಬೇರಿನಿಂದ. ಎರಡು ಓರೆಗೆರೆಯಾದರೆ ಬೇರೆ ತಾಣ, ಪುಟದ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್‌ನಲ್ಲೇ. ಎರಡು ಚುಕ್ಕಿಯಾದರೆ ಒಂದು ಮೆಟ್ಟಿಲು ಮೇಲೆ. ಪುಟದಲ್ಲಿ ಬೇಸ್ ಟ್ಯಾಗ್ ಇದ್ದರೆ ಎಲ್ಲ ಲೆಕ್ಕವೂ ಅದರಿಂದ ಶುರು. ಪಿಎಚ್‌ಪಿಯ ಪಾರ್ಸ್_ಯುಆರ್‌ಎಲ್ ವಿಳಾಸವನ್ನು ಬಿಡಿಸಿ ಕೊಡುತ್ತದೆಯೇ ಹೊರತು ಜೋಡಿಸುವುದಿಲ್ಲ. 2025ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8.5ರಲ್ಲಿ ಇದಕ್ಕೆಂದೇ ಯುಆರ್‌ಐ ಎಂಬ ವಿಸ್ತರಣೆ ಇದೆ. ನಿಮ್ಮ ಹೋಸ್ಟಿಂಗ್ ಆ ಆವೃತ್ತಿ ಕೊಟ್ಟರೆ ಅದನ್ನೇ ಬಳಸಿ.

ಮುಂದಿನ ಹೆಜ್ಜೆ ಇಂಪೋರ್ಟ್. ಪಟ್ಟಿಯಲ್ಲಿರುವ ಪ್ರತಿ ಕಡತವನ್ನೂ, ಪುಟದೊಳಗಿನ ಸ್ಟೈಲ್ ಟ್ಯಾಗ್‌ಗಳ ಪಠ್ಯವನ್ನೂ ಓದಿ, ಮೊದಲು ಅದರ ಕಾಮೆಂಟ್‌ಗಳನ್ನು ತೆಗೆದು, ಆಮೇಲೆ ಇಂಪೋರ್ಟ್ ಸಾಲು ಹುಡುಕಿ. ಇಡೀ ಕಡತ ಜಾಲಾಡಬೇಕಿಲ್ಲ, ಏಕೆಂದರೆ ಇಂಪೋರ್ಟ್ ಉಳಿದ ಶೈಲಿನಿಯಮಗಳಿಗಿಂತ ಮೊದಲೇ ಬರಬೇಕು. ನಂತರ ಬಂದದ್ದನ್ನು ಬ್ರೌಸರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿರುವ ವಿಳಾಸವನ್ನು ಆ ಸಿಎಸ್‌ಎಸ್ ಕಡತದ ಜಾಗದಿಂದ ಲೆಕ್ಕ ಹಾಕಿ, ಪುಟದ ಜಾಗದಿಂದ ಹಾಕಬೇಡಿ. ನೋಡಿ ಮುಗಿಸಿದ ವಿಳಾಸಗಳನ್ನು ಒಂದು ಅರೇಯಲ್ಲಿ ಇಟ್ಟುಕೊಳ್ಳಿ. ಒಂದು ಕಡತ ಇನ್ನೊಂದನ್ನು ಕರೆದು, ಆ ಇನ್ನೊಂದು ಮೊದಲಿನದನ್ನೇ ಕರೆದರೆ ನಿಮ್ಮ ಪ್ರೋಗ್ರಾಂ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಇಷ್ಟಾದರೂ ಒಂದು ಬಾಗಿಲು ಪಿಎಚ್‌ಪಿಗೆ ತೆರೆಯುವುದಿಲ್ಲ. ಪುಟ ಬಂದ ಮೇಲೆ ಜಾವಾಸ್ಕ್ರಿಪ್ಟ್ ಹೊಸ ಲಿಂಕ್ ಟ್ಯಾಗನ್ನು ಸೃಷ್ಟಿಸಿ ಸೇರಿಸಿದರೆ ಅದು ಮೂಲ ಪಠ್ಯದಲ್ಲಿ ಇರುವುದೇ ಇಲ್ಲ. ಪಿಎಚ್‌ಪಿ ಜಾವಾಸ್ಕ್ರಿಪ್ಟನ್ನು ನಡೆಸುವುದೂ ಇಲ್ಲ. ಅಂಥ ಪುಟಗಳಿಗೆ ಪರದೆಯಿಲ್ಲದೆ ಓಡುವ ನಿಜವಾದ ಬ್ರೌಸರ್ ಬೇಕು. ಸಿಮ್ಫನಿ ಎಂಬ ಪಿಎಚ್‌ಪಿ ಚೌಕಟ್ಟಿನವರ ಪ್ಯಾಂಥರ್ ಎಂಬ ಸಿದ್ಧ ಕೋಡಿನ ಗ್ರಂಥಾಲಯದಿಂದ ಪಿಎಚ್‌ಪಿಯಲ್ಲೇ ಕ್ರೋಮನ್ನೋ ಫೈರ್‌ಫಾಕ್ಸನ್ನೋ ನಡೆಸಿ, ಪುಟ ಪೂರ್ತಿ ನಿಂತ ಮೇಲೆ ಡಾಕ್ಯುಮೆಂಟ್ ಡಾಟ್ ಸ್ಟೈಲ್‌ಶೀಟ್ಸ್ ಎಂಬ ಪಟ್ಟಿಯನ್ನು ಕೇಳಬಹುದು. ಆ ಪಟ್ಟಿಯಲ್ಲಿಯೂ ಇಂಪೋರ್ಟ್ ಆದವು ಮೇಲುಮೇಲಕ್ಕೆ ಕಾಣುವುದಿಲ್ಲ, ಪ್ರತಿ ಶೀಟಿನ ನಿಯಮಗಳ ಒಳಗೆ ಇಳಿದು ನೋಡಬೇಕು. ನಿಮ್ಮ ಗಿರಣಿಯ ಪುಟಕ್ಕೆ ಇದೆಲ್ಲ ಬೇಕಿಲ್ಲ. ಅದರಲ್ಲಿ ಹಾಗೆ ಸೇರಿಸುವ ಸ್ಕ್ರಿಪ್ಟ್ ಇಲ್ಲ, ನೋಡಿದ್ದೇನೆ.

ಪ್ರಶ್ನೆ: ಮೇಡಂ, ಚೌಕಿಪೇಟೆಯ ನಮ್ಮ ಬಟ್ಟೆ ಅಂಗಡಿಯ ತಾಣ ವರ್ಡ್‌ಪ್ರೆಸ್‌ನಲ್ಲಿದೆ. ಪ್ಲಗಿನ್‌ಗಳು (ಬೇಕೆಂದಾಗ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂಗಳು) ತಮ್ಮ ತಮ್ಮ ಸ್ಟೈಲ್‌ಶೀಟ್‌ಗಳನ್ನು ಎಲ್ಲ ಪುಟಕ್ಕೂ ಸೇರಿಸುತ್ತಿವೆ. ಯಾವುದು ಯಾರದ್ದು ಎಂದು ಒಳಗಿನಿಂದಲೇ ತಿಳಿಯಬಹುದೇ?
(ಓದುಗರು, ದಾವಣಗೆರೆ)

ಉತ್ತರ: ತಿಳಿಯಬಹುದು. ನಿಮ್ಮದೇ ತಾಣವಾದ್ದರಿಂದ ಹೊರಗಿನಿಂದ ಪುಟ ತರಿಸಿ ಓದುವ ಶ್ರಮವೂ ಇಲ್ಲ. ವರ್ಡ್‌ಪ್ರೆಸ್ ತನ್ನ ಲೆಕ್ಕವನ್ನು ತಾನೇ ಬರೆದಿಟ್ಟಿರುತ್ತದೆ. ಡಬ್ಲ್ಯೂಪಿ_ಸ್ಟೈಲ್ಸ್ ಎಂಬ ಫಂಕ್ಷನ್ ಕರೆದರೆ ಒಂದು ಆಬ್ಜೆಕ್ಟ್ ಸಿಗುತ್ತದೆ. ಅದರೊಳಗೆ ಮೂರು ಪಟ್ಟಿಗಳನ್ನು ನೋಡಿ. ರಿಜಿಸ್ಟರ್ಡ್ ಎಂಬುದರಲ್ಲಿ ಹೆಸರು ನೋಂದಾಯಿಸಿದ ಎಲ್ಲವೂ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಈ ಪುಟಕ್ಕೆ ಬರುವುದೇ ಇಲ್ಲ. ಕ್ಯೂ ಎಂಬುದರಲ್ಲಿ ಈ ಪುಟಕ್ಕೆ ಬೇಕೆಂದು ಹೇಳಿಸಿಕೊಂಡವು. ಡನ್ ಎಂಬುದರಲ್ಲಿ ನಿಜವಾಗಿ ಪುಟದ ಮೇಲೆ ಬರೆದು ಮುಗಿಸಿದವು.

ಅನೇಕರು ಕ್ಯೂ ಒಂದನ್ನೇ ನೋಡಿ ತೃಪ್ತರಾಗುತ್ತಾರೆ. ಅದರಲ್ಲಿ ಅವಲಂಬಿತ ಕಡತಗಳ ಹೆಸರು ಇರುವುದಿಲ್ಲ. ಒಂದು ಸ್ಟೈಲ್‌ಶೀಟ್ ತನಗಿಂತ ಮೊದಲು ಇನ್ನೊಂದು ಬರಲಿ ಎಂದು ಕೇಳಿದ್ದರೆ, ಆ ಇನ್ನೊಂದು ಡನ್ ಪಟ್ಟಿಯಲ್ಲಿ ಮಾತ್ರ ಕಾಣುತ್ತದೆ. ಕೆಲವು ಪ್ಲಗಿನ್‌ಗಳು ಪುಟದ ನಡುವೆ ತಮ್ಮ ಫಾರ್ಮ್ ಬಂದಾಗ ಶೈಲಿ ಕೇಳುತ್ತವೆ. ಅಂಥವು ಪುಟದ ಬುಡದಲ್ಲಿ ಬರಬಹುದು. ಆದ್ದರಿಂದ ಡಬ್ಲ್ಯೂಪಿ_ಫುಟರ್ ಎಂಬ ಕೊಕ್ಕೆಗೆ (ನಮ್ಮ ಫಂಕ್ಷನ್ನನ್ನು ತಗುಲಿಸಲು ವರ್ಡ್‌ಪ್ರೆಸ್ ಬಿಟ್ಟಿರುವ ಜಾಗ) 9999ರಂತಹ ದೊಡ್ಡ ಆದ್ಯತಾ ಸಂಖ್ಯೆ ಕೊಟ್ಟು, ಎಲ್ಲ ಮುಗಿದ ಮೇಲೆ ಡನ್ ಪಟ್ಟಿ ಓದಿ. ಪ್ರತಿ ಹೆಸರಿನ ಮುಂದೆ ರಿಜಿಸ್ಟರ್ಡ್‌ನಲ್ಲಿರುವ ಅದರ ಎಸ್‌ಆರ್‌ಸಿ, ಅಂದರೆ ಕಡತದ ವಿಳಾಸ, ಬರೆಯಿಸಿ. ವಿಳಾಸದಲ್ಲಿ ಪ್ಲಗಿನ್ಸ್ ಎಂಬ ಫೋಲ್ಡರಿನ ನಂತರ ಬರುವ ಹೆಸರೇ ಅದರ ಒಡೆಯ. ಇದನ್ನು ಗ್ರಾಹಕರಿಗೆ ತೋರಿಸಬೇಡಿ. ಕರೆಂಟ್_ಯೂಸರ್_ಕ್ಯಾನ್ ಕೇಳಿ, ನಿರ್ವಾಹಕರು ಲಾಗಿನ್ ಆಗಿದ್ದಾಗ ಮಾತ್ರ ಕಾಮೆಂಟ್ ರೂಪದಲ್ಲಿ ಪುಟದ ಕೊನೆಗೆ ಹಾಕಿ.

ಕೆಲವು ಹೆಸರುಗಳ ಮುಂದೆ ಎಸ್‌ಆರ್‌ಸಿ ಖಾಲಿ ಬಂದರೆ ಗಾಬರಿಯಾಗಬೇಡಿ. ವರ್ಡ್‌ಪ್ರೆಸ್ 5.8ರಿಂದ ಸಣ್ಣ ಶೈಲಿ ಕಡತಗಳನ್ನು ಬೇರೆಯಾಗಿ ತರಿಸದೆ ಪುಟದೊಳಗೇ ಸ್ಟೈಲ್ ಟ್ಯಾಗಿನಲ್ಲಿ ಇಳಿಸುವ ವ್ಯವಸ್ಥೆ ಬಂದಿದೆ. ಕಡತ ಇಲ್ಲ, ಶೈಲಿ ಇದೆ. ಇನ್ನು ಥೀಮ್ ಬರೆದವರು ಹೆಡರ್ ಕಡತದಲ್ಲಿ ನೇರವಾಗಿ ಲಿಂಕ್ ಟ್ಯಾಗ್ ಬರೆದಿದ್ದರೆ ಅದು ವರ್ಡ್‌ಪ್ರೆಸ್ಸಿನ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಹೀಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಲೆಕ್ಕಪುಸ್ತಕವೊಂದು ಇರುವಾಗ ಅದರ ಹೊರಗೆ ವ್ಯವಹಾರ ಮಾಡಿದರೆ ಮುಂದೆ ಬರುವ ಕೆಲಸಗಾರ ಒದ್ದಾಡಬೇಕಾಗುತ್ತದೆ. ಪುಟಗಳನ್ನು ಮೊದಲೇ ಸಿದ್ಧ ಮಾಡಿಟ್ಟು ಕೊಡುವ ಕ್ಯಾಶ್ ಪ್ಲಗಿನ್ ಎಲ್ಲವನ್ನೂ ಒಂದೇ ಕಡತವಾಗಿ ಸೇರಿಸುತ್ತಿದ್ದರೂ ಡನ್ ಪಟ್ಟಿಗೂ ಗ್ರಾಹಕರಿಗೆ ತಲುಪುವ ಪುಟಕ್ಕೂ ತಾಳೆಯಾಗುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಅದನ್ನು ನಿಲ್ಲಿಸಿ.

ಯಾವುದು ಬೇಡವೆಂದು ಗೊತ್ತಾದ ಮೇಲೆ ಡಬ್ಲ್ಯೂಪಿ_ಡೀಕ್ಯೂ_ಸ್ಟೈಲ್‌ಗೆ ಅದರ ಹೆಸರು ಕೊಡಿ. ಡಬ್ಲ್ಯೂಪಿ_ಎನ್‌ಕ್ಯೂ_ಸ್ಕ್ರಿಪ್ಟ್ಸ್ ಕೊಕ್ಕೆಯಲ್ಲಿ ಆದ್ಯತೆ 100 ಇಟ್ಟರೆ ಸಾಮಾನ್ಯವಾಗಿ ಪ್ಲಗಿನ್ ಸೇರಿಸಿದ ನಂತರ ನಿಮ್ಮ ಸರದಿ ಬರುತ್ತದೆ. ಸಂಪರ್ಕ ಪುಟದ ಫಾರ್ಮಿನ ಶೈಲಿಯನ್ನು ಸಂಪರ್ಕ ಪುಟವಲ್ಲದ ಕಡೆ ತೆಗೆಯಿರಿ. ಒಂದು ತೆಗೆದ ಮೇಲೆ ಐದಾರು ಪುಟಗಳನ್ನು ಮೊಬೈಲಿನಲ್ಲಿ ತೆರೆದು ಕಣ್ಣಾರೆ ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಪ್ರಶ್ನೆ: ನಮ್ಮ ಗ್ರಂಥಾಲಯದ ಪುಟದಲ್ಲಿ ದೃಷ್ಟಿ ಮಂದವಿರುವವರಿಗಾಗಿ ‘ದೊಡ್ಡ ಅಕ್ಷರ’ ಎಂಬ ಬದಲಿ ಸ್ಟೈಲ್‌ಶೀಟ್ ಇದೆ. ಪಿಎಚ್‌ಪಿಯಲ್ಲಿ ಲಿಂಕ್‌ಗಳ ಟೈಟಲ್ ಓದಿದರೆ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು ಬರುತ್ತದೆ. ಕಡತ ಯೂನಿಕೋಡ್‌ನಲ್ಲೇ ಇದೆ.
(ಓದುಗರು, ಹೊಸದುರ್ಗ)

ಉತ್ತರ: ದೊಡ್ಡ ಅಕ್ಷರಕ್ಕೆಂದು ಬೇರೆ ಶೈಲಿ ಮಾಡಿಟ್ಟ ನಿಮಗೆ ನಮಸ್ಕಾರ. ಇದನ್ನು ಮಾಡುವವರು ಕಡಿಮೆ.

ನಿಮ್ಮ ಕಡತದಲ್ಲಿ ದೋಷವಿಲ್ಲ. ಡಾಮ್‌ಡಾಕ್ಯುಮೆಂಟ್‌ನ ಕೆಳಗೆ ಕೆಲಸ ಮಾಡುವ ಲಿಬ್‌ಎಕ್ಸ್‌ಎಂಎಲ್, ಪಠ್ಯದಲ್ಲಿ ಅಕ್ಷರ ಸಂಕೇತ ಯಾವುದೆಂದು ಹೇಳದಿದ್ದರೆ ಅದನ್ನು ಪಶ್ಚಿಮ ಯುರೋಪಿನ ಐಎಸ್‌ಒ 8859-1 ಎಂದು ಭಾವಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಆ ಮೂರನ್ನೂ ಬಿಡಿಬಿಡಿ ಲ್ಯಾಟಿನ್ ಅಕ್ಷರವೆಂದು ಓದಿದರೆ ಒಂದು ‘ದ’ಕಾರ ಮೂರು ಚಿಹ್ನೆಯಾಗುತ್ತದೆ. ಮೆಟಾ ಟ್ಯಾಗಿನಲ್ಲಿ ಯುಟಿಎಫ್-8 ಎಂದು ಬರೆದಿದ್ದರೂ ಅದು ಟೈಟಲ್ ಅಥವಾ ಲಿಂಕ್‌ಗಳ ನಂತರ ಬಂದರೆ ತಡವಾಯಿತು. ಮೆಟಾ ಸಾಲನ್ನು ಹೆಡ್‌ನ ಮೊಟ್ಟಮೊದಲಿಗೆ ತನ್ನಿ. ಬೇರೆಯವರ ಪುಟ ಓದುವಾಗ ಅದು ನಿಮ್ಮ ಕೈಯಲ್ಲಿಲ್ಲ. ಆಗ ಲೋಡ್‌ಎಚ್‌ಟಿಎಂಎಲ್‌ಗೆ ಕೊಡುವ ಪಠ್ಯದ ಮುಂದೆ, ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳುವ ಎಕ್ಸ್‌ಎಂಎಲ್ ಘೋಷಣೆಯ ಒಂದು ಸಾಲು ಸೇರಿಸಿ.

ಸಾಧ್ಯವಿದ್ದರೆ ಪಿಎಚ್‌ಪಿ 8.4ಕ್ಕೆ ಬನ್ನಿ. 2024ರ ನವೆಂಬರಿನಲ್ಲಿ ಬಂದ ಆ ಆವೃತ್ತಿಯಲ್ಲಿ ಡಾಮ್ ಎಂಬ ಹೆಸರಿನಡಿ ಎಚ್‌ಟಿಎಂಎಲ್‌ಡಾಕ್ಯುಮೆಂಟ್ ಎಂಬ ಹೊಸ ಕ್ಲಾಸ್ ಇದೆ. ಇದು ಎಚ್‌ಟಿಎಂಎಲ್ 5ರ ನಿಯಮದಂತೆಯೇ ಓದುತ್ತದೆ, ಅಕ್ಷರಗಳನ್ನು ಕೆಡಿಸುವುದಿಲ್ಲ, ಜೊತೆಗೆ ಕ್ವೆರಿಸೆಲೆಕ್ಟರ್‌ಆಲ್ ಇರುವುದರಿಂದ ಸಿಎಸ್‌ಎಸ್ ಸೆಲೆಕ್ಟರಿನ ಭಾಷೆಯಲ್ಲೇ ಲಿಂಕ್‌ಗಳನ್ನು ಕೇಳಬಹುದು.

ಪ್ರಶ್ನೆ: ಮೇಡಂ, ನಾನು ಪಾಲಿಟೆಕ್ನಿಕ್ ವಿದ್ಯಾರ್ಥಿನಿ. ಯಾರು ಬೇಕಾದರೂ ಒಂದು ವಿಳಾಸ ಟೈಪಿಸಿದರೆ ಆ ಪುಟದ ಸ್ಟೈಲ್‌ಶೀಟ್‌ಗಳ ಪಟ್ಟಿ ತೋರಿಸುವ ಪ್ರಾಜೆಕ್ಟ್ ಮಾಡಿದ್ದೇನೆ. ಇದನ್ನು ಎಲ್ಲರಿಗೂ ತೆರೆದಿಡಬಹುದೇ?
(ಓದುಗರು, ಹರಿಹರ)

ಉತ್ತರ: ಈಗಲೇ ತೆರೆಯಬೇಡಿ. ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಮನಸ್ಸು ನನಗಿಲ್ಲ, ಆದರೆ ಈ ಪ್ರಾಜೆಕ್ಟಿನಲ್ಲಿ ಕಲಿಯಬೇಕಾದ ಅತಿ ಮುಖ್ಯ ಪಾಠ ಇನ್ನೂ ಬಾಕಿ ಇದೆ.

ಪುಟ ತರಿಸುವುದು ನಿಮ್ಮ ಸರ್ವರ್, ವಿಳಾಸ ಕೊಡುವುದು ಅಪರಿಚಿತ. ಆತ 127.0.0.1 ಎಂದು ಕೊಟ್ಟರೆ ನಿಮ್ಮ ಸರ್ವರ್ ತನ್ನ ಮನೆಯ ಬಾಗಿಲನ್ನೇ ತಾನು ತಟ್ಟುತ್ತದೆ. ಕ್ಲೌಡ್‌ನಲ್ಲಿರುವ ಯಂತ್ರವಾದರೆ 169.254.169.254 ಎಂಬ ವಿಳಾಸದಿಂದ ಯಂತ್ರದ ಗುಪ್ತ ವಿವರಗಳು ಹೊರಗೆ ಬರಬಹುದು. ಹೊರಗಿನವರಿಗೆ ಮುಚ್ಚಿದ ಬಾಗಿಲು ಒಳಗಿನವರಿಗೆ ತೆರೆದಿರುತ್ತದೆ. ನಿಮ್ಮ ಪ್ರೋಗ್ರಾಂ ಒಳಗಿನದು.

ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್ ಬಿಟ್ಟು ಬೇರೆ ಯಾವುದನ್ನೂ ಒಪ್ಪಬೇಡಿ. ಹೆಸರನ್ನು ಐಪಿ ಸಂಖ್ಯೆಗೆ ತಿರುಗಿಸಿ, ಫಿಲ್ಟರ್_ವಾರ್ ಫಂಕ್ಷನ್ನಿಗೆ ಖಾಸಗಿ ಹಾಗೂ ಕಾಯ್ದಿರಿಸಿದ ಶ್ರೇಣಿಗಳು ಬೇಡವೆಂಬ ಎರಡೂ ಫ್ಲಾಗ್ ಕೊಟ್ಟು ಪರೀಕ್ಷಿಸಿ. ಪರೀಕ್ಷಿಸಿದ ಅದೇ ಸಂಖ್ಯೆಗೇ ಕರ್ಲ್ ಹೋಗುವಂತೆ ಅದರ ರಿಸಾಲ್ವ್ ಆಯ್ಕೆಯಲ್ಲಿ ಕಟ್ಟಿಹಾಕಿ. ಇಲ್ಲದಿದ್ದರೆ ಪರೀಕ್ಷೆಗೂ ತರಿಸುವುದಕ್ಕೂ ನಡುವೆ ಹೆಸರಿನ ಹಿಂದಿನ ಸಂಖ್ಯೆಯನ್ನು ಬದಲಿಸಿ ಮೋಸ ಮಾಡಬಹುದು. ಪುಟ ಬೇರೆಡೆಗೆ ಕಳಿಸಿದಾಗ ಕರ್ಲ್ ತಾನಾಗಿ ಹಿಂಬಾಲಿಸದಂತೆ ನಿಲ್ಲಿಸಿ, ಪ್ರತಿ ಹೊಸ ವಿಳಾಸವನ್ನೂ ಇದೇ ಜರಡಿಯಲ್ಲಿ ಹಾಯಿಸಿ. ಇಂಪೋರ್ಟ್‌ನಿಂದ ಸಿಕ್ಕ ವಿಳಾಸಗಳಿಗೂ ಇದೇ ನಿಯಮ. ಹತ್ತು ಸೆಕೆಂಡಿನ ಗಡುವು, ಗಾತ್ರಕ್ಕೆ ಒಂದು ಮಿತಿ ಇರಲಿ. ಕೊನೆಗೆ ಪಟ್ಟಿ ತೋರಿಸುವಾಗ ಪ್ರತಿ ವಿಳಾಸವನ್ನೂ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಮೂಲಕ ಬರೆಯಿಸಿ. ಬೇರೆಯವರ ಪುಟದಿಂದ ಬಂದ ಪಠ್ಯವನ್ನು ನಿಮ್ಮ ಪುಟದಲ್ಲಿ ಹಸಿಯಾಗಿ ಇಳಿಸಬಾರದು. ಇಷ್ಟು ಮಾಡಿ, ನಿಮ್ಮ ಉಪನ್ಯಾಸಕರಿಗೆ ಒಮ್ಮೆ ತೋರಿಸಿ, ಆಮೇಲೆ ತೆರೆಯಿರಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮೂರಿನ ಕೆರೆಕಟ್ಟೆಗಳ ಬಗ್ಗೆ ಬರೆದ ಲೇಖನಗಳನ್ನು ಮೊಮ್ಮಗಳು ಜಾಲತಾಣವಾಗಿ ಮಾಡಿಕೊಟ್ಟಿದ್ದಾಳೆ. ಮನೆಯ ಕಂಪ್ಯೂಟರಿನಲ್ಲಿ ಪುಟ ಚೆನ್ನಾಗಿ ಕಾಣುತ್ತದೆ. ಜಾಲಕ್ಕೆ ಏರಿಸಿದ ಮೇಲೆ ಬಣ್ಣವಿಲ್ಲ, ಅಂಚಿಲ್ಲ, ಬರೀ ಅಕ್ಷರ. ಅವಳು ಬರೆದ ಪಿಎಚ್‌ಪಿ ಪಟ್ಟಿಯಲ್ಲಿ ಸ್ಟೈಲ್‌ಶೀಟಿನ ಹೆಸರು ಸರಿಯಾಗಿಯೇ ಇದೆ.
(ಓದುಗರು, ಹೊನ್ನಾಳಿ)

ಉತ್ತರ: ಮೇಷ್ಟ್ರೇ, ಚೀಟಿ ಬಂದಿದೆ, ಚೀಲ ಬಂದಿಲ್ಲ. ಮೊಮ್ಮಗಳಿಗೆ ಹೀಗೆ ಹೇಳಿ: ಪಟ್ಟಿಯಲ್ಲಿರುವ ಪ್ರತಿ ವಿಳಾಸವನ್ನೂ ಕರ್ಲ್‌ನಿಂದ ಕೇಳಿ, ಎರಡು ಸಂಗತಿ ಬರೆದುಕೊಳ್ಳಲಿ. ಒಂದು, ಉತ್ತರದ ಸಂಖ್ಯೆ 200, ಅಂದರೆ ಕಡತ ಸಿಕ್ಕಿತು ಎಂದು, ಇದೆಯೇ. ಎರಡು, ಕಂಟೆಂಟ್ ಟೈಪ್ ಎಂಬಲ್ಲಿ ಟೆಕ್ಸ್ಟ್ ಓರೆಗೆರೆ ಸಿಎಸ್‌ಎಸ್ ಎಂದಿದೆಯೇ. ಕೆಲವು ಸರ್ವರ್‌ಗಳು ಕಡತ ಸಿಗದಿದ್ದಾಗಲೂ 200 ಎಂದೇ ಹೇಳಿ, ‘ಪುಟ ಸಿಗಲಿಲ್ಲ’ ಎಂಬ ಎಚ್‌ಟಿಎಂಎಲ್ ಪುಟವನ್ನು ಕಳಿಸುತ್ತವೆ. ಆದ್ದರಿಂದ ಸಂಖ್ಯೆಯೊಂದನ್ನೇ ನಂಬಬಾರದು. ಕಂಟೆಂಟ್ ಟೈಪ್ ಎಚ್‌ಟಿಎಂಎಲ್ ಎಂದು ಬಂದರೆ, ಮೇಲ್ಸಾಲಿನಲ್ಲಿ ಡಾಕ್‌ಟೈಪ್ ಬರೆದ ಪುಟದಲ್ಲಿ ಬ್ರೌಸರ್ ಅದನ್ನು ಶೈಲಿಯೆಂದು ಒಪ್ಪುವುದಿಲ್ಲ.

ಮನೆಯಲ್ಲಿ ಸರಿಯಿದ್ದು ಜಾಲದಲ್ಲಿ ತಪ್ಪಿದೆ ಎಂದರೆ ನನ್ನ ಮೊದಲ ಅನುಮಾನ ಕಡತದ ಹೆಸರಿನ ಮೇಲೆ. ವಿಂಡೋಸ್ ಕಂಪ್ಯೂಟರ್ ದೊಡ್ಡ ಎಸ್ ಮತ್ತು ಚಿಕ್ಕ ಎಸ್ ನಡುವೆ ಭೇದ ಎಣಿಸುವುದಿಲ್ಲ. ಹೋಸ್ಟಿಂಗ್ ಸರ್ವರ್‌ಗಳು ಹೆಚ್ಚಾಗಿ ಲಿನಕ್ಸ್. ಅಲ್ಲಿ ಎರಡೂ ಬೇರೆ ಬೇರೆ ಕಡತ. ಪುಟದಲ್ಲಿ ಚಿಕ್ಕ ಎಸ್ ಇದ್ದು ಫೋಲ್ಡರಿನಲ್ಲಿ ದೊಡ್ಡ ಎಸ್ ಇದ್ದರೆ ಸರ್ವರ್ ಇಲ್ಲವೆಂದೇ ಹೇಳುತ್ತದೆ. ಫೋಲ್ಡರಿನ ಹೆಸರುಗಳನ್ನೂ ಸೇರಿಸಿ ಎಲ್ಲವನ್ನೂ ಚಿಕ್ಕಕ್ಷರಕ್ಕೆ ತಂದು ಮತ್ತೆ ಏರಿಸಲಿ. ಆಗಲೂ ಬಣ್ಣ ಬಾರದಿದ್ದರೆ, ಆ ವಿಳಾಸಕ್ಕೆ ಬಂದ ಉತ್ತರದ ಹೆಡರ್‌ಗಳನ್ನೂ ಮೊದಲ ಹತ್ತು ಸಾಲುಗಳನ್ನೂ ನನಗೆ ಕಳಿಸಿ. ಜೊತೆಗೆ ಕೆರೆಗಳ ಲೇಖನವನ್ನೂ ಕಳಿಸಿದರೆ ಓದುತ್ತೇನೆ.